ಪ್ಲಾಸ್ಟರ್ ಹಿಂದಿನ ತುಕ್ಕು

ಮುಂಬಯಿಯಿಂದ ಗೋವಾ ಮಾರ್ಗವಾಗಿ ಊರಿಗೆ ಹೋಗುವವರಿಗೆ ಸೇತುವೆಗಳೇ ಮೈಲುಗಲ್ಲು. ಮಾಂಡವಿ ದಾಟಿತೆಂದರೆ ಅರ್ಧಕ್ಕಿಂತ ಹೆಚ್ಚು ದಾರಿ ಮುಗಿಯಿತು, ಕಾಳಿ ದಾಟಿತೆಂದರೆ ಕಾರವಾರ ಬಂತು. 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದು ಒಂದು ಗಂಟೆಯ ಹೊತ್ತಿಗೆ, ಆ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಜೊತೆಗೆ ಒಂದು ಲಾರಿಯೂ ನೀರಿಗೆ ಬಿತ್ತು. ಚಾಲಕ ಬದುಕಿಕೊಂಡ. ಬೆಳಗಾಗುವಷ್ಟರಲ್ಲಿ ನಮ್ಮ ವಾಟ್ಸಾಪ್ ಗುಂಪುಗಳ ತುಂಬ ಒಂದೇ ಮಾತು: "ಹೋದ ವಾರ ಅದರ ಮೇಲೇ ಬಂದದ್ದು ಮಾರಾಯ್ರೆ."

ಹಿರಿಯರಿಗೆ ನೆನಪಾದದ್ದು ಮಾಂಡವಿ. ಪಣಜಿಯ ಆ ಸೇತುವೆ ತೆರೆದದ್ದು 1970ರಲ್ಲಿ, ಬಿದ್ದದ್ದು 1986ರ ಜುಲೈ 5ರಂದು. ಹದಿನಾರೇ ವರ್ಷ. ಆಮೇಲೆ ಹೊಸದು ಆಗುವ ತನಕ ಫೆರಿ ಬೋಟಿನ ಸಾಲಿನಲ್ಲಿ ಕಾದವರು ನಮ್ಮಲ್ಲಿ ಇನ್ನೂ ಇದ್ದಾರೆ. ಇದೇ ಹೆದ್ದಾರಿಯಲ್ಲಿ ಮಹಾಡ್ ಹತ್ತಿರ ಸಾವಿತ್ರಿ ನದಿಯ ಸೇತುವೆಯೂ 2016ರ ಆಗಸ್ಟ್‌ನಲ್ಲಿ ಬಸ್ಸುಗಳ ಸಮೇತ ಕೊಚ್ಚಿಹೋಯಿತು. ಆದರೆ ಅದು ಬ್ರಿಟಿಷರ ಕಾಲದ ಕಲ್ಲಿನ ಕಮಾನು. ಎಂಟು ದಶಕಗಳ ಮಳೆ ಕಂಡು, ಕೊನೆಗೆ ನೆರೆಯಲ್ಲಿ ಹೋಯಿತು. ಮಾಂಡವಿಯದು ಹಾಗಲ್ಲ. ಕಾಂಕ್ರೀಟಿನ ಒಳಗೆ ಬಿಗಿದಿಟ್ಟ ಉಕ್ಕು ಉಪ್ಪುಗಾಳಿಗೆ ಸವೆದದ್ದು ಅದರ ಮುಖ್ಯ ಕಾರಣಗಳಲ್ಲಿ ಒಂದು. ಕಲ್ಲಿನ ಕಮಾನಿನೊಳಗೆ ತುಕ್ಕು ಹಿಡಿಯಲು ಉಕ್ಕೇ ಇರುವುದಿಲ್ಲ.

ಈ ಸಲದ ಅಂಕಣ ಆ ಒಳಗಿನ ಉಕ್ಕಿನ ಬಗ್ಗೆ. ಸೇತುವೆಯನ್ನು ಎರಡು ನಿಮಿಷದಲ್ಲಿ ದಾಟುತ್ತೇವೆ. ಅದೇ ಉಕ್ಕು, ಅದೇ ಕಾಂಕ್ರೀಟಿನ ಕೆಳಗೆ ದಿನಾ ರಾತ್ರಿ ಮಲಗುತ್ತೇವೆ. ನಾನು ಸಿವಿಲ್ ಇಂಜಿನಿಯರ್ ಅಲ್ಲ, ಸಾಫ್ಟ್‌ವೇರ್‌ನವನು. ಮುಲುಂಡಿನ ನಮ್ಮ ಸೊಸೈಟಿಗೆ 36 ವರ್ಷ ತುಂಬಿದೆ. ಕಮಿಟಿಯಲ್ಲಿ "ಕಂಪ್ಯೂಟರ್ ಗೊತ್ತಿರುವವನು" ಎಂದು ನನ್ನನ್ನು ಕೂರಿಸಿ, ಸ್ಟ್ರಕ್ಚರಲ್ ಆಡಿಟ್‌ನ ಫೈಲನ್ನು ಕೈಗಿತ್ತರು. ಎರಡು ಮಳೆಗಾಲ ಅದನ್ನು ಓದಿ, ಇಂಜಿನಿಯರನ ಹಿಂದೆ ಮಹಡಿ ಮಹಡಿ ಸುತ್ತಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ನಿಮ್ಮ ಸೊಸೈಟಿಯಲ್ಲೂ ಈ ಫೈಲು ಒಂದು ದಿನ ಬರುತ್ತದೆ.

ಮೊದಲು ಈ ಸಂಸಾರ ಹೇಗೆ ನಡೆಯುತ್ತದೆ ಎಂದು ನೋಡಿ. ಕಾಂಕ್ರೀಟು ಒತ್ತಿದರೆ ಗಟ್ಟಿ, ಎಳೆದರೆ ಬಹಳ ದುರ್ಬಲ. ಒತ್ತಡ ತಡೆಯುವ ಶಕ್ತಿಯ ಹತ್ತನೇ ಒಂದು ಪಾಲಷ್ಟೂ ಎಳೆತ ತಡೆಯಲಾರದು. ಉಕ್ಕಿನ ಸರಳಿಗೆ ಎಳೆತ ಎಂದರೆ ಆಟ. ಬಿಸಿಲಿಗೆ ಇವೆರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಹಾಗಾಗಿ ಬಿಸಿಲು ಚಳಿಯಲ್ಲಿ ಒಂದನ್ನೊಂದು ಬಿಡುವುದಿಲ್ಲ. ಇನ್ನೊಂದು ಉಪಕಾರವೂ ಇದೆ. ಸಿಮೆಂಟು ಕ್ಷಾರೀಯ, ಹೊಸ ಕಾಂಕ್ರೀಟಿನ ಪಿಎಚ್ ಹನ್ನೆರಡೂವರೆ-ಹದಿಮೂರರ ಆಸುಪಾಸು. ಅಂಥ ಕ್ಷಾರದಲ್ಲಿ ಕೂತ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಬೆಳೆಯುತ್ತದೆ. ಆ ಪೊರೆ ಇರುವ ತನಕ ಸುತ್ತ ತೇವ ಇದ್ದರೂ ತುಕ್ಕು ಹತ್ತಿರ ಸುಳಿಯುವುದಿಲ್ಲ.

ಪೊರೆ ಹರಿಯುವುದು ಎರಡು ದಾರಿಯಲ್ಲಿ. ಒಂದು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಸೂಕ್ಷ್ಮ ರಂಧ್ರಗಳ ಮೂಲಕ ನಿಧಾನವಾಗಿ ಒಳಗಿಳಿದು ಕ್ಷಾರವನ್ನೇ ತಿಂದುಹಾಕುವುದು. ಇನ್ನೊಂದು ಉಪ್ಪು, ಅಂದರೆ ಕ್ಲೋರೈಡು. ಅದು ಕ್ಷಾರ ಇದ್ದರೂ ಬಿಡುವುದಿಲ್ಲ, ಪೊರೆಯಲ್ಲಿ ತೂತು ಕೊರೆದು ಒಂದೇ ಕಡೆ ಆಳವಾಗಿ ಕಚ್ಚುತ್ತದೆ. ಕಡಲಗಾಳಿಯಿಂದ ಬರುತ್ತದೆ; ಖಾಡಿಯಿಂದ ಎತ್ತಿದ ಮರಳನ್ನು ಸಿಹಿನೀರಿನಲ್ಲಿ ತೊಳೆಯದೆ ಕಲಸಿದ್ದರೆ ಕಟ್ಟಿದ ದಿನವೇ ಒಳಗೆ ಕೂತಿರುತ್ತದೆ. ನದಿ ಕಡಲು ಸೇರುವಲ್ಲಿನ ಸೇತುವೆಗಳಿಗೆ ಇದು ದೊಡ್ಡ ಪೀಡೆ. ಸದಾ ನೀರಿನಡಿ ಇರುವ ಭಾಗ ಆಮ್ಲಜನಕ ಸಿಗದೆ ಎಷ್ಟೋ ಕಾಲ ಹಾಗೇ ಉಳಿಯುತ್ತದೆ. ಭರತ ಇಳಿತದಲ್ಲಿ ಒಮ್ಮೆ ನೆನೆದು ಒಮ್ಮೆ ಒಣಗುವ ಪಟ್ಟಿ ಇದೆಯಲ್ಲ, ಅಲ್ಲಿ ಉಪ್ಪು, ನೀರು, ಗಾಳಿ ಮೂರೂ ಸಿಗುತ್ತವೆ. ತುಕ್ಕು ಅಲ್ಲೇ ಜೋರು.

ಇಂಗಾಲದ ದಾರಿಗೆ ಒಂದು ಚಂದದ ಲೆಕ್ಕ ಇದೆ. ಅದು ಇಳಿಯುವ ಆಳ ವರ್ಷಗಳ ವರ್ಗಮೂಲದ ಪ್ರಕಾರ ಬೆಳೆಯುತ್ತದೆ. ಹತ್ತು ವರ್ಷದಲ್ಲಿ 10 ಮಿಲಿಮೀಟರ್ ಇಳಿದರೆ, 20 ಮಿಲಿಮೀಟರ್ ತಲುಪಲು ಇಪ್ಪತ್ತು ವರ್ಷ ಸಾಲದು, ನಲವತ್ತು ಬೇಕು. ಅಂದರೆ ಸರಳಿನ ಮೇಲಿನ ಕಾಂಕ್ರೀಟಿನ ಹೊದಿಕೆ, ಕಟ್ಟುವವರ ಬಾಯಲ್ಲಿ "ಕವರ್", ಎರಡು ಪಾಲಾದರೆ ಈ ದಾರಿಯ ಮಟ್ಟಿಗೆ ಆಯಸ್ಸು ನಾಲ್ಕು ಪಾಲು. ಐಎಸ್ 456 ಎಂಬ ನಮ್ಮ ಕಾಂಕ್ರೀಟ್ ಸಂಹಿತೆ 2000ದ ಆವೃತ್ತಿಯಲ್ಲಿ ಕಡಲ ವಾತಾವರಣಕ್ಕೆ ತೆರೆದುಕೊಂಡ ಕಾಂಕ್ರೀಟಿಗೆ 45 ಮಿಲಿಮೀಟರ್ ಕವರ್ ಹೇಳುತ್ತದೆ, ಭರತ ಇಳಿತದ ಪಟ್ಟಿಗೆ 75. ಇಷ್ಟೆಲ್ಲ ನಿಂತಿರುವುದು ಸ್ಲ್ಯಾಬ್ ಹಾಕುವ ದಿನ ಸರಳಿನ ಕೆಳಗೆ ಇಡುವ ಕವರ್ ಬ್ಲಾಕ್ ಎಂಬ ಪುಟ್ಟ ಸಿಮೆಂಟು ಬಿಲ್ಲೆಯ ಮೇಲೆ. ಅದರ ಬದಲು ಕೈಗೆ ಸಿಕ್ಕ ಜಲ್ಲಿಕಲ್ಲು ಇಟ್ಟು, ಕಾಂಕ್ರೀಟು ಸುರಿಯುವಾಗ ಅದು ಜಾರಿ, ಸರಳು ಸೆಂಟ್ರಿಂಗ್ ಹಲಗೆಗೇ ತಾಗಿ ಕೂತರೆ ಎಪ್ಪತ್ತು ವರ್ಷದ ಕಟ್ಟಡ ಇಪ್ಪತ್ತು ವರ್ಷದ್ದಾಗುತ್ತದೆ. ನಮ್ಮ ಪಾರ್ಕಿಂಗಿನ ಮೇಲಿನ ಸ್ಲ್ಯಾಬಿನಲ್ಲಿ ಒಂದು ಕಡೆ ಕವರ್ ಎಂಟು ಮಿಲಿಮೀಟರ್ ಸಿಕ್ಕಿತು.

ತುಕ್ಕು ಹಿಡಿದರೆ ಸರಳು ತೆಳುವಾಗುತ್ತದೆ, ಅದರಿಂದ ಕಟ್ಟಡ ದುರ್ಬಲ ಆಗುತ್ತದೆ ಎಂದೇ ನಾನೂ ತಿಳಿದಿದ್ದೆ, ಎಲ್ಲರೂ ತಿಳಿಯುವ ಹಾಗೆ. ಅದು ನಿಜವೇ. 12 ಮಿಲಿಮೀಟರ್ ಸರಳು ಸುತ್ತಲೂ ಒಂದು ಮಿಲಿಮೀಟರ್ ಸವೆದು 10 ಆದರೆ, ನೋಡಲು ಹೆಚ್ಚೇನೂ ಅನಿಸುವುದಿಲ್ಲ, ಆದರೆ ಉಕ್ಕಿನ ಶೇಕಡಾ 30 ಹೋಗಿರುತ್ತದೆ. ಆದರೆ ಅದಕ್ಕೂ ಬಹಳ ಮೊದಲೇ ಹಾಳಾಗುವುದು ಎರಡರ ನಡುವಿನ ಹಿಡಿತ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಸುತ್ತ ಕಾಂಕ್ರೀಟು ಬಿಗಿದಿದೆ, ಹಿಗ್ಗಲು ಜಾಗ ಎಲ್ಲಿ? ಒಳಗಿನಿಂದ ತಳ್ಳುತ್ತದೆ. ತಳ್ಳಿದ್ದು ಕಾಂಕ್ರೀಟಿಗೆ ಎಳೆತವಾಗಿ ಮುಟ್ಟುತ್ತದೆ, ಅದಕ್ಕೆ ತಡೆಯಲಾಗದ್ದೂ ಅದೇ. ತಲೆಕೂದಲಿನ ದಪ್ಪದಷ್ಟು ಕಬ್ಬಿಣ ಕರಗಿದರೆ ಸಾಕು, ಸರಳಿನುದ್ದಕ್ಕೂ ಬಿರುಕು ಬರುತ್ತದೆ. ವಿಚಿತ್ರವೆಂದರೆ ತೀರ ಶುರುವಿನ ತುಕ್ಕು ಸರಳನ್ನು ಒರಟಾಗಿಸಿ ಹಿಡಿತವನ್ನು ತುಸು ಹೆಚ್ಚಿಸುತ್ತದೆ. ಬಿರುಕು ಬಂದ ಮೇಲೆ ಹಿಡಿತ ಸರಸರನೆ ಇಳಿಯುತ್ತದೆ. ಆಮೇಲೆ ಸರಳು ಅಲ್ಲಿ ಇರುತ್ತದೆ, ಕಾಂಕ್ರೀಟೂ ಇರುತ್ತದೆ, ಎರಡೂ ಸೇರಿ ಭಾರ ಹೊರುವುದು ಮಾತ್ರ ನಿಂತಿರುತ್ತದೆ.

ಈ ಸೇರುವಿಕೆಯ ಬೆಲೆ ತಿಳಿಯಲು ಎರಡು ಹಲಗೆ ತೆಗೆದುಕೊಳ್ಳಿ. ಒಂದರ ಮೇಲೊಂದು ಸುಮ್ಮನೆ ಇಟ್ಟು ತೋಡಿಗೆ ಅಡ್ಡ ಹಾಕಿದರೆ ಒಂದು ಹಲಗೆಯ ಎರಡು ಪಟ್ಟು ಗಟ್ಟಿ, ಅಷ್ಟೆ. ಒಂದರ ಮೇಲೊಂದು ಜಾರದ ಹಾಗೆ ಉದ್ದಕ್ಕೂ ಬೆಸೆದು ಹಾಕಿದರೆ ಹೊರುವ ಶಕ್ತಿ ನಾಲ್ಕು ಪಟ್ಟು, ಬಾಗದೆ ನಿಲ್ಲುವ ಬಿಗಿ ಎಂಟು ಪಟ್ಟು. ಅದೇ ಮರ, ಅದೇ ತೂಕ, ಹೆಚ್ಚು ಬಂದದ್ದೆಲ್ಲ ನಡುವಿನ ಬೆಸುಗೆಯಿಂದ. ಈಗ ರೈಲು ಹಳಿಗಳ ಮೇಲೆ, ಫ್ಲೈಓವರುಗಳಲ್ಲಿ ಉಕ್ಕಿನ ಗರ್ಡರ್ ಇಟ್ಟು ಅದರ ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಹಾಕುತ್ತಾರಲ್ಲ, ಅಲ್ಲಿರುವುದೂ ಈ ಹಲಗೆಯ ಲೆಕ್ಕವೇ. ಗರ್ಡರಿನ ತಲೆಯ ಮೇಲೆ ಸಾಲಾಗಿ ದಪ್ಪ ತಲೆಯ ಮೊಳೆಗಳಂಥ ಸ್ಟಡ್‌ಗಳನ್ನು ಬೆಸೆದಿರುತ್ತಾರೆ. ಅವು ಸ್ಲ್ಯಾಬಿನೊಳಗೆ ಹೂತು ಎರಡನ್ನೂ ಒಂದಾಗಿಸುತ್ತವೆ. ಇಂಥ ರಚನೆಯಲ್ಲಿ ಗರ್ಡರಿನ ಹೊಟ್ಟೆಗೆ ಎಷ್ಟು ಬೇಕಾದರೂ ಬಣ್ಣ ಬಳಿಯಬಹುದು. ಸ್ಲ್ಯಾಬಿಗೆ ತಾಗಿದ ತಲೆಯ ಭಾಗಕ್ಕೆ ಬ್ರಷ್ಷೂ ಹೋಗುವುದಿಲ್ಲ, ಕಣ್ಣೂ ಹೋಗುವುದಿಲ್ಲ. ಮೇಲಿನ ಜಾಯಿಂಟಿನಿಂದ ಸೋರಿದ ನೀರು ಮಾತ್ರ ಹೋಗುತ್ತದೆ. ಸ್ಟಡ್‌ಗಳ ಬುಡ ಸವೆದು ಸ್ಲ್ಯಾಬು ಕೂದಲೆಳೆಯಷ್ಟು ಜಾರತೊಡಗಿದರೆ, ನಾಲ್ಕು ಪಟ್ಟಿನ ಸೇತುವೆ ಎರಡು ಪಟ್ಟಿನ ಕಡೆಗೆ ಹೊರಟಿತು ಎಂದೇ ಅರ್ಥ.

ಮಾಂಡವಿಯಂಥ ಪ್ರೀಸ್ಟ್ರೆಸ್ಡ್ ಸೇತುವೆಗಳು ಇನ್ನೂ ಸೂಕ್ಷ್ಮ. ಅಲ್ಲಿ ತೆಳು ತಂತಿಗಳನ್ನು ಮೊದಲೇ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಮನೆಯ ಸ್ಲ್ಯಾಬು ಜೋಲುತ್ತದೆ, ಸಿಪ್ಪೆ ಉದುರಿಸುತ್ತದೆ, ಏನೋ ಒಂದು ಸೂಚನೆ ಕೊಡುತ್ತದೆ. ಬಿಗಿದ ತಂತಿ ತುಕ್ಕು ಹಿಡಿದರೆ ಸದ್ದಿಲ್ಲದೆ ಕಾದು ಒಮ್ಮೆಲೇ ಹರಿಯಬಹುದು. ಠಾಣೆ ಖಾಡಿಯ ಮೇಲಿನ ಮೊದಲ ವಾಶಿ ಸೇತುವೆಗೂ ಇದೇ ರೋಗ ತಗಲಿ, ಕಟ್ಟಿದ ಕೆಲವೇ ವರ್ಷಗಳಲ್ಲಿ ರಿಪೇರಿ ಶುರುವಾಗಿ, ಪಕ್ಕದಲ್ಲಿ ಇನ್ನೊಂದು ಕಟ್ಟಬೇಕಾಯಿತು.

ಈಗ ನಮ್ಮ ಸೊಸೈಟಿಗೆ ಬರುತ್ತೇನೆ. ಮಹಾರಾಷ್ಟ್ರದ ಮಾದರಿ ಬೈಲಾ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ಆಡಿಟ್ ಎಂದರೆ ಲೆಟರ್‌ಹೆಡ್ಡಿನ ಮೇಲೆ ಸಹಿ ಎಂದು ತಿಳಿದವರೇ ಹೆಚ್ಚು. ಸಿಎಸ್‌ಎಂಟಿ ಪಕ್ಕದ ಹಿಮಾಲಯ ಪಾದಚಾರಿ ಸೇತುವೆ 2019ರ ಮಾರ್ಚ್ 14ರ ಸಂಜೆ, ಜನ ಆಫೀಸಿನಿಂದ ರೈಲಿಗೆ ಓಡುವ ಹೊತ್ತಿನಲ್ಲಿ ಬಿತ್ತು. ಉಕ್ಕಿನ ಚೌಕಟ್ಟು ಮೇಲೇ ಉಳಿಯಿತು, ಕಾಂಕ್ರೀಟಿನ ನೆಲ ಜನರ ಸಮೇತ ಕೆಳಗೆ ಬಂತು. ಕೆಲವೇ ತಿಂಗಳ ಹಿಂದಿನ ಆಡಿಟ್‌ನಲ್ಲಿ ಅದು ಸಣ್ಣಪುಟ್ಟ ರಿಪೇರಿ ಮಾಡಿದರೆ ಸಾಕು ಎನ್ನುವ ಪಟ್ಟಿಯಲ್ಲಿತ್ತು. ಆಡಿಟ್ ಸರಿಯಾಗಿ ಮಾಡಿರಲಿಲ್ಲ ಎಂದು ಪಾಲಿಕೆಯ ವಿಚಾರಣೆಯೇ ಆಮೇಲೆ ಹೇಳಿತು.

ಆದ್ದರಿಂದ ನಿಮ್ಮಲ್ಲಿ ಇಂಜಿನಿಯರ್ ಬಂದಾಗ ಕೈಯಲ್ಲಿ ಏನಿದೆ ನೋಡಿ. ಬರೀ ಪೆನ್ನು ಇದ್ದರೆ ಸಾಲದು. ನಮ್ಮಲ್ಲಿ ಬಂದಾತ ಕಂಬದ ಮೂಲೆಯಲ್ಲಿ ಸಣ್ಣದೊಂದು ಚೂರು ಒಡೆದು, ಆ ಹೊಸ ಗಾಯದ ಮೇಲೆ ಫಿನಾಲ್ಫ್ತಲೀನ್ ಸಿಂಪಡಿಸಿದ. ಹೈಸ್ಕೂಲಿನ ಲ್ಯಾಬಿನಲ್ಲಿ ಎಲ್ಲರೂ ನೋಡಿದ ದ್ರಾವಣವೇ. ಕ್ಷಾರ ಉಳಿದಿರುವಲ್ಲಿ ಗಾಢ ಗುಲಾಬಿ, ಕಳೆದುಹೋದಲ್ಲಿ ಬಣ್ಣವೇ ಇಲ್ಲ. ದಕ್ಷಿಣದ ಕಂಬಗಳು ಹೊರಗಿನ ಒಂದು ಬೆರಳಗಲ ಬಿಟ್ಟು ಉಳಿದದ್ದೆಲ್ಲ ಗುಲಾಬಿಯಾದವು. ಬಚ್ಚಲುಗಳ ಪೈಪ್ ಇಳಿಯುವ ಉತ್ತರದ ಕಂಬದಲ್ಲಿ ಸರಳಿನ ಆಚೆಗೂ ಬಣ್ಣ ಬರಲಿಲ್ಲ. ಆಮೇಲೆ ಹಾಫ್ ಸೆಲ್ ಎಂಬ ಪರೀಕ್ಷೆ. ಮೈಲುತುತ್ತದ ದ್ರಾವಣದಲ್ಲಿ ತಾಮ್ರದ ಕಡ್ಡಿ ಮುಳುಗಿಸಿದ ಒಂದು ಕೊಳವೆ, ಒಂದು ವೋಲ್ಟ್‌ಮೀಟರ್, ಸರಳಿಗೆ ಒಂದು ವೈರು. ಕಾಂಕ್ರೀಟಿನ ಮೇಲೆ ಚೌಕ ಎಳೆದು ಚೌಕಕ್ಕೊಂದು ಅಂಕಿ ಬರೆಯುತ್ತಾ ಹೋಗುತ್ತಾರೆ. ಮೈನಸ್ 200 ಮಿಲಿವೋಲ್ಟ್‌ಗಿಂತ ಮೇಲಿದ್ದರೆ ಚಿಂತೆ ಕಡಿಮೆ. ಮೈನಸ್ 350ಕ್ಕಿಂತ ಕೆಳಗಿಳಿದರೆ ಆ ಕ್ಷಣದಲ್ಲಿ ಒಳಗೆ ತುಕ್ಕು ನಡೆಯುತ್ತಿರುವ ಸಾಧ್ಯತೆ ಶೇಕಡಾ 90ಕ್ಕೂ ಹೆಚ್ಚು. ತುಕ್ಕು ಒಂದು ವಿದ್ಯುತ್ ವ್ಯವಹಾರ, ಪುಟ್ಟ ಬ್ಯಾಟರಿ ಎಂಬುದು ನನಗೆ ತಲೆಗೆ ಹತ್ತಿದ್ದು ಆ ಅಂಕಿಗಳನ್ನು ಎಕ್ಸೆಲ್ಲಿಗೆ ಹಾಕಿ ಬಣ್ಣ ತುಂಬಿದ ದಿನ.

ಆ ನಕ್ಷೆಯಲ್ಲಿ ಕೆಂಪು ಎಲ್ಲೆಲ್ಲಿ ಬಂತು ಗೊತ್ತೇ? ಆರು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರ್ ಪ್ಯಾಚ್ ಹಾಕಿ ಬಣ್ಣ ಬಳಿದು ಹೋದ ಜಾಗಗಳ ಸುತ್ತ, ಬಳೆ ಇಟ್ಟ ಹಾಗೆ. ಪ್ಯಾಚ್ ಗಟ್ಟಿಯಾಗಿತ್ತು, ಅದರ ಅಂಚಿನಾಚೆ ಕೊಳೆತಿತ್ತು. ಇದಕ್ಕೂ ಕಾರಣ ಆ ಬ್ಯಾಟರಿಯೇ. ಒಂದು ಜಾಗದಲ್ಲಿ ತುಕ್ಕು ಹಿಡಿಯುತ್ತಿರುವ ಉಕ್ಕು ತಾನು ಸವೆಯುತ್ತಾ ಅಕ್ಕಪಕ್ಕದ ಉಕ್ಕನ್ನು ಕಾಯುತ್ತಿರುತ್ತದೆ, ಸಾಲವನ್ನೆಲ್ಲ ತನ್ನ ಹೆಸರಿಗೆ ಬರೆಸಿಕೊಂಡು ತಮ್ಮಂದಿರನ್ನು ಓದಿಸುವ ಹಿರಿಯ ಮಗನ ಹಾಗೆ. ಆ ಜಾಗವನ್ನು ಮಾತ್ರ ಕೆತ್ತಿ ಹೊಸ ಮಾರ್ಟರ್ ತುಂಬಿದರೆ ಅಲ್ಲಿನ ಸರಳು ಸುಖವಾಗಿ ಕೂರುತ್ತದೆ. ಪಕ್ಕದ ಹಳೆಯ ಕಾಂಕ್ರೀಟಿನಲ್ಲಿ ಉಪ್ಪು ಹಾಗೇ ಇರುತ್ತದೆ, ಕಾಯುವವನು ಹೋಗಿರುತ್ತಾನೆ. ಸವೆಯುವ ಸರದಿ ಈಗ ಅದಕ್ಕೆ. ಕಂಟ್ರಾಕ್ಟರಿಗೆ ಇದರಿಂದ ನಷ್ಟವೇನಿಲ್ಲ, ಐದಾರು ವರ್ಷಕ್ಕೆ ಇನ್ನೊಂದು ಆರ್ಡರ್.

ಸರಿಯಾದ ಕೆಲಸಕ್ಕೆ ಶ್ರಮ ಹೆಚ್ಚು. ಕೆಂಪು ಉಕ್ಕು ಮುಗಿದು ಶುದ್ಧ ಉಕ್ಕು ಕಾಣುವ ತನಕ ಒಡೆಯುತ್ತಾ ಹೋಗಬೇಕು. ಸರಳಿನ ಮುಂದೆ ಮಾತ್ರವಲ್ಲ, ಹಿಂದೆಯೂ ಬೆರಳು ಹೋಗುವಷ್ಟು ಜಾಗ ಮಾಡಬೇಕು. ತುಕ್ಕು ಕೆರೆದು, ಬಹಳ ಸವೆದಲ್ಲಿ ಹೊಸ ಸರಳು ಸೇರಿಸಬೇಕು. ಪ್ಯಾಚಿನ ಅಂಚಿನಲ್ಲಿ ಸತುವಿನ ಗಟ್ಟಿಗಳನ್ನು ಸರಳಿಗೆ ಕಟ್ಟುವ ಪದ್ಧತಿಯೂ ಇದೆ. ಹಿರಿಯ ಮಗನ ಕೆಲಸಕ್ಕೆ ಬಾಡಿಗೆಗೆ ತಂದವನು ಅದು; ಉಕ್ಕಿನ ಬದಲು ಸತು ಸವೆಯುತ್ತದೆ. ಇಷ್ಟೆಲ್ಲ ಮಾಡಿ ಮೇಲಿನ ಬಚ್ಚಲಿನ ಸೋರಿಕೆ ಹಾಗೇ ಬಿಟ್ಟರೆ ಪ್ರಯೋಜನವಿಲ್ಲ. ಮೊದಲು ನೀರು ನಿಲ್ಲಬೇಕು.

ಇಂಜಿನಿಯರ್ ನಮ್ಮ ಕಟ್ಟಡಕ್ಕೆ ಕೊಟ್ಟ ದರ್ಜೆ ಸಿ-2ಬಿ. ಅಂದರೆ ಮನೆ ಖಾಲಿ ಮಾಡದೆ ದೊಡ್ಡ ರಿಪೇರಿ. ಸಿ-1 ಆದರೆ ಖಾಲಿ ಮಾಡಿ ಕೆಡವಬೇಕು. ಸಭೆಯಲ್ಲಿ ಗಲಾಟೆ ಎದ್ದದ್ದು ಇದರ ಮೇಲೆಯೇ. ಮುಂಬಯಿಯಲ್ಲಿ ಕಟ್ಟಡದ ಆರೋಗ್ಯಕ್ಕಿಂತ ಅದರ ಕೆಳಗಿನ ನೆಲದ ಬೆಲೆ ಹೆಚ್ಚು ಮಾತಾಡುತ್ತದೆ. ಕೆಲವರಿಗೆ ಸಿ-1 ಬೇಕು: ರೀಡೆವಲಪ್‌ಮೆಂಟ್ ಆಗಲಿ, ಹೊಸ ಟವರ್, ಲಿಫ್ಟು, ಹೆಚ್ಚಿನ ಚದರಡಿ. ಕೆಲವರಿಗೆ ಬರೀ ಪೇಂಟಿಂಗ್ ಸಾಕು: ಮಗಳ ಮದುವೆ ಇದೆ, ಈಗ ದುಡ್ಡು ಕೇಳಬೇಡಿ. ಒಂದೇ ಕಟ್ಟಡಕ್ಕೆ ಎರಡು ಆಡಿಟ್ ಎರಡು ಬಗೆಯಾಗಿ ಬಂದು, ತೀರ್ಮಾನಕ್ಕೆ ಪಾಲಿಕೆಯ ತಾಂತ್ರಿಕ ಸಲಹಾ ಸಮಿತಿಯ ಬಾಗಿಲು ತಟ್ಟುವ ಸೊಸೈಟಿಗಳು ಊರ ತುಂಬ ಇವೆ.

ಎರಡನೇ ಮಹಡಿಯ ಮಾವ ಕುಂದಾಪುರದ ಕಡೆಯವರು. ನಲವತ್ತು ವರ್ಷ ಕ್ಯಾಂಟೀನ್ ನಡೆಸಿ ಈ ಒಂದು ಮನೆ ಮಾಡಿದ್ದು. ಸಭೆಯಲ್ಲಿ ಬಾಯಿ ಬಿಡದವರು ರಾತ್ರಿ ನಮ್ಮ ಬಾಗಿಲು ತಟ್ಟಿದರು.

"ನೀ ಓದಿದವ. ಒಂದು ಮಾತು ಹೇಳು ಮಾರಾಯ. ಇದು ಬೀಳ್ತದಾ, ಇಲ್ಲಾ ನಮ್ಮನ್ನು ಏಳಿಸ್ಲಿಕ್ಕೆ ಹೇಳುದಾ?"

"ಎರಡೂ ಅಲ್ಲ ಮಾವ. ಈಗ ಮಾಡಿದರೆ ನಿಲ್ತದೆ. ಪೇಂಟ್ ಹೊಡೆದು ಬಿಟ್ಟರೆ ಹತ್ತು ವರ್ಷದಲ್ಲಿ ನಿಜವಾಗಿಯೂ ಏಳಬೇಕಾದೀತು" ಎಂದೆ. ಕೆಂಪು ಹಸಿರು ನಕ್ಷೆ ತೋರಿಸಿದೆ. ಅವರ ಮನೆಯ ಬಾಲ್ಕನಿ ಹಸಿರಿನಲ್ಲಿತ್ತು, ಅದರ ಕೆಳಗಿನ ಕಂಬ ಕೆಂಪು. ಬಹಳ ಹೊತ್ತು ನೋಡಿದರು. "ಕಂಬ ಯಾರದ್ದು? ಸೊಸೈಟಿಯದ್ದಾ, ನಂದಾ?" ಎಂದು ಕೇಳಿದರು. ನಗಬೇಕೆನಿಸಿದರೂ ನಗಲಿಲ್ಲ. ಸಭೆಯ ಜಗಳವೆಲ್ಲ ಆ ಪ್ರಶ್ನೆಯೇ ಆಗಿತ್ತು. ಮನೆಗೆ ಎರಡೂಮುಕ್ಕಾಲು ಲಕ್ಷದ ಹಾಗೆ, ಕಂತಿನಲ್ಲಿ ಕೊಡುವುದೆಂದು ಮುಂದಿನ ಸಭೆಯಲ್ಲಿ ಮೂರು ಮತಗಳ ಅಂತರದಲ್ಲಿ ಪಾಸಾಯಿತು. ಮಾವ ಕೈ ಎತ್ತಿದ್ದರು.

ಊರಿನ ಮನೆಯ ಬಗ್ಗೆಯೂ ಒಂದು ಮಾತು. ಕರಾವಳಿಯ ಮುರಕಲ್ಲಿನ ಗೋಡೆ, ಹಂಚಿನ ಮಾಡಿನಲ್ಲಿ ಕೆಡುವುದೆಲ್ಲ ಕಣ್ಣಿಗೆ ಕಾಣುತ್ತಿತ್ತು. ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವಾಗ ಪಕಾಸಿಯ ಹುಳುಕು ಸಿಕ್ಕುತ್ತಿತ್ತು. ಮುಂಬಯಿಯ ದುಡ್ಡಿನಲ್ಲಿ ನಾವು ಕಟ್ಟಿಸಿದ ಟೆರೇಸಿನ ಮನೆಗಳು ವರ್ಷದ ಹನ್ನೊಂದು ತಿಂಗಳು ಬೀಗ ಹಾಕಿಕೊಂಡು, ತಾರಸಿಯ ನೀರಿನ ಕಿಂಡಿಗೆ ಎಲೆ ಕಟ್ಟಿ, ಮಳೆಗಾಲವಿಡೀ ಕೆರೆ ಹೊತ್ತು ನಿಲ್ಲುತ್ತವೆ. ಮೇ ತಿಂಗಳಲ್ಲಿ ಹೋದಾಗ ಸ್ಲ್ಯಾಬಿನಡಿ ಕಂದು ಗೆರೆಯೊಂದು ನೇರವಾಗಿ ಓಡಿದ್ದು ಕಂಡರೆ ಅದು ಬರೀ ಪಾಚಿ ಅಲ್ಲ, ಸರಳಿನ ದಾರಿ. ಅದರ ಮೇಲೆ ವೈಟ್‌ವಾಶ್ ಮಾಡಿಸುವ ಮೊದಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟಣ್ ಎಂದರೆ ಸರಿ, ಡಬ್ ಎಂದು ಟೊಳ್ಳು ಸದ್ದು ಬಂದರೆ ಒಳಗೆ ಬಿಟ್ಟಿದೆ.

ನಮ್ಮಲ್ಲಿ ದಸರೆ ಕಳೆದ ಮೇಲೆ ಉತ್ತರದ ಕಂಬದಿಂದ ಕೆಲಸ ಶುರುವಾಗಿದೆ. ಬೀಮುಗಳಿಗೆ ಕಬ್ಬಿಣದ ಪ್ರಾಪ್ ಕೊಟ್ಟು, ಕಂಬದ ಮೈ ಬಿಚ್ಚಿದ್ದಾರೆ. ಕರಾರಿನಲ್ಲಿ ನಾನು ಹಟ ಹಿಡಿದು ಸೇರಿಸಿದ ಷರತ್ತು ಒಂದೇ: ಒಡೆದ ಪ್ರತಿ ಜಾಗವನ್ನೂ ಮುಚ್ಚುವ ಮೊದಲು ಅಳತೆಪಟ್ಟಿ ಇಟ್ಟು ಫೋಟೊ, ಇಂಜಿನಿಯರ್ ನೋಡಿದ ಮೇಲೇ ಮಾರ್ಟರ್. ಅದರ ಉಸ್ತುವಾರಿ ಈಗ ಎರಡನೇ ಮಹಡಿಯ ಮಾವನದು. ಬೆಳಿಗ್ಗೆ ಚಹಾ ಲೋಟ ಹಿಡಿದು ಕೆಳಗಿಳಿದು ಎಷ್ಟು ಸರಳು ಕಂಡಿತೆಂದು ಎಣಿಸುತ್ತಾರೆ. ಮೊನ್ನೆ ನಾನು ಮೀಟಿಂಗಿನಲ್ಲಿದ್ದಾಗ ಫೋನ್ ಬಂತು.

"ಇವ ಹಿಂದೆ ಬೆರಳು ಹೋಗುದಿಲ್ಲ, ತುಂಬಿಸ್ತೇನೆ ಅಂತಾನೆ ಮಾರಾಯ. ನಾನು ಬಕೆಟ್ ಹಿಡ್ಕೊಂಡು ಕೂತಿದ್ದೇನೆ. ನೀ ಬೇಗ ಬಾ."